ಜಟ್ಟೆಪ್ಪನಿಗೆ ಗೊತ್ತಿರದ ಪೈಪು

ಕರೇಕಟ್ಟಿಯಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿ ಜಟ್ಟೆಪ್ಪನಿಗೆ ಇಪ್ಪತ್ತೊಂಬತ್ತು ವರ್ಷವಾಗಿತ್ತು. ರಾಣೆಬೆನ್ನೂರಿನ ಕಡೆಯ ಮೇಡ್ಲೇರಿಯಿಂದ ಒಳಕ್ಕೆ ಆರು ಕಿಲೋಮೀಟರು ಹೋದರೆ ಸಿಗುವ ಮುನ್ನೂರು ಮನೆಗಳ ಊರು ಅದು. ಯಾವ ಓಣಿಗೆ ಯಾವ ವಾಲು, ಯಾವ ಪೈಪು ಎಲ್ಲಿ ತಿರುಗಿ ಯಾರ ಮನೆಯ ಕಟ್ಟೆಯಡಿ ಹಾಯುತ್ತದೆ, ಯಾವ ಜಾಯಿಂಟು ಬೇಸಿಗೆ ಬಂದರೆ ಸೋರುತ್ತದೆ ಎಂಬುದು ಪಂಚಾಯ್ತಿಯ ಯಾವ ಕಾಗದದಲ್ಲೂ ಇರಲಿಲ್ಲ. ಎಲ್ಲ ಜಟ್ಟೆಪ್ಪನ ತಲೆಯಲ್ಲಿತ್ತು. ಅಧ್ಯಕ್ಷರು ಬದಲಾದರು, ಕಾರ್ಯದರ್ಶಿಗಳು ವರ್ಗವಾಗಿ ಹೋದರು. ಜಟ್ಟೆಪ್ಪ ಮಾತ್ರ ಹೆಗಲ ಮೇಲೆ ವಾಲು ತಿರುಗಿಸುವ ಕಬ್ಬಿಣದ ಚಾವಿ ಇಟ್ಟುಕೊಂಡು ಬೆಳಗಿನ ಐದಕ್ಕೆ ಮನೆ ಬಿಡುವುದನ್ನು ತಪ್ಪಿಸಲಿಲ್ಲ. ಊರಿನವರು ಅವನಿಗೆ ದೊಡ್ಡ ಮರ್ಯಾದೆಯೇನೂ ಕೊಡುತ್ತಿರಲಿಲ್ಲ, ಆದರೆ ನೆಲದೊಳಗಿನ ಮಾತು ಬಂದಾಗ ಅವನನ್ನೇ ಕರೆಯುತ್ತಿದ್ದರು. ಅದೊಂದರಲ್ಲಿ ಅವನಿಗೆ ಎದೆ ಉಬ್ಬುತ್ತಿತ್ತು.

ಆ ಊರಿಗೆ ಈ ಸಲದ ಚಳಿಗಾಲದಲ್ಲಿ ಇಂಟರ್ನೆಟ್ಟಿನ ಕೇಬಲ್ ಬರುವುದಿತ್ತು. ಊರೊಳಗೆ ಫೋನಿಗೆ ಸಿಗ್ನಲ್ಲೇ ಇಲ್ಲ. ನೀರಿನ ಟಾಕಿಯ ಮೇಲೆ ಹತ್ತಿದರೆ, ಇಲ್ಲವೆ ಊರ ಹೊರಗಿನ ದಿಬ್ಬಕ್ಕೆ ಹೋದರೆ ಎರಡು ಗೆರೆ ಮೂಡುತ್ತಿದ್ದವು. ರೇಷನ್ ಅಕ್ಕಿ ಕೊಡುವ ದಿನ ಅಂಗಡಿಯವನು ಹೆಬ್ಬೆಟ್ಟಿನ ಯಂತ್ರ ಹಿಡಿದು ದಿಬ್ಬ ಹತ್ತುತ್ತಿದ್ದ, ಅವನ ಹಿಂದೆ ಚೀಲ ಹಿಡಿದುಕೊಂಡು ಊರೇ ಹತ್ತುತ್ತಿತ್ತು. ಬ್ಯಾಡಗಿ ಪೇಟೆಯ ಇವತ್ತಿನ ಮೆಣಸಿನಕಾಯಿ ದರ ಕರೇಕಟ್ಟಿಗೆ ನಾಳೆ ತಿಳಿಯುತ್ತಿತ್ತು. ಹೀಗಾಗಿ ಕೇಬಲ್ ಬರುತ್ತದೆ ಎಂದಾಗ ಬೇಡವೆಂದವರು ಯಾರೂ ಇರಲಿಲ್ಲ, ಜಟ್ಟೆಪ್ಪನೊಬ್ಬನನ್ನು ಬಿಟ್ಟು. ಕೇಬಲಿನವರು ಬಂದ ಎರಡೇ ವಾರದಲ್ಲಿ ಅವನ ಪೈಪನ್ನು ಮೂರು ಕಡೆ ಒಡೆದಿದ್ದರು. ಮೂರು ಸಲವೂ ಕೊಡ ಹಿಡಿದು ಬಂದ ಹೆಂಗಸರ ಬೈಗುಳ ತಿಂದವನು ಅವನೇ.

ಕೆಲಸದ ಉಸ್ತುವಾರಿ ಶ್ರೀದೇವಿ ಎಂಬ ಹುಡುಗಿಯದು. ಗುತ್ತಿಗೆ ಕಂಪನಿಯ ಇಂಜಿನಿಯರು, ರಾಣೆಬೆನ್ನೂರಿನವಳು, ಇಪ್ಪತ್ತಾರರ ವಯಸ್ಸು. ದಿನಾ ಸ್ಕೂಟರಿನ ಮೇಲೆ ಬಂದು ಹೋಗುತ್ತಿದ್ದಳು. ಅವಳ ಕೈಯ ಟ್ಯಾಬಿನಲ್ಲಿ ಊರಿನ ನಕಾಶೆ ಇತ್ತು. ಅದರಲ್ಲಿ ನೀರಿನ ಪೈಪು ರಸ್ತೆಯ ನಟ್ಟನಡುವೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರ ಹೋಗಿತ್ತು. ಅದನ್ನು ಮೊದಲ ಸಲ ನೋಡಿದಾಗ ಜಟ್ಟೆಪ್ಪ ಗಟ್ಟಿಯಾಗಿ ನಕ್ಕುಬಿಟ್ಟಿದ್ದ. ಅವಳೂ ನಕ್ಕಿದ್ದಳು. ಅಂದಿನಿಂದ ಗುಂಡಿ ತೆಗೆಯುವ ಮೊದಲು ಅವನನ್ನು ಕೇಳುವುದನ್ನು ಅವಳು ರೂಢಿ ಮಾಡಿಕೊಂಡಳು. ಪೈಪು ಒಡೆಯುವುದೂ ನಿಂತಿತು.

ಬುಧವಾರ ಬೆಳಿಗ್ಗೆ ಕೊನೆಯ ಗುಂಡಿ ತೆಗೆಯುವುದು ಬಾಕಿ ಇತ್ತು. ಶುಕ್ರವಾರ ಹಾವೇರಿಯಿಂದ ಸಾಹೇಬರು ಬಂದು ಪಂಚಾಯ್ತಿಯಲ್ಲಿ ಸಂಪರ್ಕ ಚಾಲೂ ಮಾಡುವವರಿದ್ದರು. ಶಾಲೆಯ ಎದುರಿನ ರಸ್ತೆಯ ಅಡಿಯಿಂದ ಯಂತ್ರದಲ್ಲಿ ಕೊರೆದು ಕೊಳವೆ ಎಳೆಯಬೇಕು, ಆ ಕೊಳವೆಯೊಳಗೆ ಆಮೇಲೆ ಕೇಬಲ್. ಯಂತ್ರ ಅತ್ತ ಪಂಚಾಯ್ತಿಯ ಮುಂದೆ ನಿಂತಿತ್ತು, ಅದರ ಕೊರೆಯುವ ಸಲಾಕೆ ನೆಲದಡಿಯಿಂದ ಇತ್ತ ಬಂದು ಹೊರಬೀಳಲು ಒಂದು ಗುಂಡಿ ಬೇಕಿತ್ತು. ಜಾಗ ಶಾಲೆಗೆ ಎದುರಾಗಿರುವ ಪ್ರೇಮವ್ವನ ಮನೆಯ ಮುಂದೆ ಎಂದು ಗುರುತಾಯಿತು. ಪ್ರೇಮವ್ವ ಗಂಡ ಸತ್ತವಳು, ಎರಡು ಎಮ್ಮೆ ಕಟ್ಟಿ ಹಾಲು ಹಾಕುವ ಹೆಂಗಸು, ಬಾಯಿ ಜೋರು.

"ಜಟ್ಟೆಪ್ಪಾ ಕಾಕಾ, ಇಲ್ಲಿ ಪೈಪು ಯಾವ ಬಾಜೂಕ ಐತ್ರಿ?" ಎಂದು ಶ್ರೀದೇವಿ ಕೇಳಿದಳು.

ಜಟ್ಟೆಪ್ಪ ಬಾಯಿ ತೆರೆದವನು ಒಂದು ಕ್ಷಣ ತಡೆದ. ಇಡೀ ಊರಿನಲ್ಲಿ ಅವನ ಕಣ್ಣೆದುರು ಹೂಳದ ಪೈಪು ಇದೊಂದೇ. ಹನ್ನೊಂದು ವರ್ಷದ ಹಿಂದೆ ಟಾಕಿಯ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಅವನು ಎರಡು ತಿಂಗಳು ಮಲಗಿದ್ದಾಗ ಯಾರೋ ಗುತ್ತಿಗೆದಾರರು ಬಂದು ಶಾಲೆಯಿಂದ ಹಳ್ಳದವರೆಗಿನ ಹಳೆಯ ಪೈಪು ಕಿತ್ತು ಹೊಸದು ಹಾಕಿ ಹೋಗಿದ್ದರು. ಎದ್ದ ಮೇಲೆ ವಿಚಾರಿಸಿದ್ದ. ಶಾಲೆಯ ಬದಿಗೆ ಹಾಕಿದರು ಎಂದು ಯಾರೋ ಹೇಳಿದ್ದರು. ಅದು ಒಂದು ದಿನವೂ ಸೋರಲಿಲ್ಲ, ಇವನೂ ಅಗೆದು ನೋಡಲಿಲ್ಲ.

ಅವನು ತಡೆದದ್ದನ್ನು ನಿಜಲಿಂಗಪ್ಪ ನೋಡಿದರು. ನಿಜಲಿಂಗಪ್ಪ ಪಂಚಾಯ್ತಿ ಅಧ್ಯಕ್ಷರು. ಶುಕ್ರವಾರದ ಪೆಂಡಾಲಿನ ಗಡಿಬಿಡಿಯಲ್ಲಿದ್ದವರು ಅಲ್ಲೇ ನಿಂತಿದ್ದರು. "ಏನಪಾ, ಮೂವತ್ತು ವರ್ಷ ನೀರು ಬಿಟ್ಟಾಂವಗ ಪೈಪು ಎಲ್ಲೈತಿ ಅಂತ ಹೇಳಾಕ ಬರವಲ್ದೇನು?" ಎಂದರು. ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಮಂದಿ ಕಿಸಕ್ಕೆಂದರು.

ಜಟ್ಟೆಪ್ಪನ ಕಿವಿ ಬಿಸಿಯಾಯಿತು. "ಯಾಕ ಬರೂದಿಲ್ಲರಿ? ಪೈಪು ಶಾಲಿ ಬಾಜೂಕ ಐತಿ. ಈ ಕಡೆ ಏನೂ ಇಲ್ಲ, ತೆಗೀರಿ" ಎಂದ.

"ಖರೇನ? ಬೇಕಂದ್ರ ಮೊದಲ ಕೈಲೆ ಒಂದೆರಡು ಕಡೆ ಅಗದು ನೋಡೂಣು. ನಮ್ಮ ರೂಲ್ಸು ಹಂಗ ಐತಿ" ಎಂದಳು ಶ್ರೀದೇವಿ, ಗಡಿಯಾರ ನೋಡುತ್ತ.

"ನನಗ ಗೊತ್ತಿಲ್ಲದ ಪೈಪು ಈ ಊರಾಗ ಯಾವದೈತ್ರಿ, ಮೇಡಮ್ಮಾರ?"

ಅವಳು ಮತ್ತೆ ಕೇಳಲಿಲ್ಲ. ಕೈಯಿಂದ ಅಗೆದು ನೋಡಲು ಅರ್ಧ ದಿನ ಬೇಕಾಗುತ್ತಿತ್ತು. ಜೆಸಿಬಿ ಬಂದು ಇಪ್ಪತ್ತು ನಿಮಿಷದಲ್ಲಿ ಏಳಡಿ ಆಳದ ಗುಂಡಿ ತೆಗೆದು ಮೇಡ್ಲೇರಿಯ ಕಡೆ ಹೊರಟುಹೋಯಿತು. ಎಲ್ಲ ಎರೆಮಣ್ಣು. ಮೇಲೆ ಬಿರುಕು ಬಿಟ್ಟು ಒಣಗಿದೆ, ಒಳಗೆ ಹಸಿ.

ಹತ್ತೂವರೆಯ ಹೊತ್ತಿಗೆ ಕೊರೆಯುವ ಸಲಾಕೆಯ ಮೂತಿ ಗುಂಡಿಯೊಳಗೆ ಹೊರಬಂತು. ಅದಕ್ಕೆ ಕೊಳವೆಯ ತುದಿ ಕಟ್ಟಲು ಖಲಂದರ ಕೆಳಗಿಳಿದ. ಬ್ಯಾಡಗಿಯವನು, ಮೂವತ್ತರ ಗಟ್ಟಿಮುಟ್ಟಾದ ಆಳು. ಯಂತ್ರದ ಕೆಲಸದಲ್ಲಿ ಎಂಟು ವರ್ಷ ಪಳಗಿದವನು. ಕೆಳಗೆ ಕೂತು ಬೋಲ್ಟು ಬಿಗಿಮಾಡುತ್ತ ಅವನು ಹಾಡು ಗುನುಗುವುದು ಮೇಲಿದ್ದ ಜಟ್ಟೆಪ್ಪನಿಗೆ ಕೇಳುತ್ತಿತ್ತು. ಆ ಹಾಡಿನ ನಡುವೆಯೇ ಪ್ರೇಮವ್ವನ ಮನೆಯ ಬದಿಯ ಗೋಡೆಯಲ್ಲಿ, ಮೇಲಿನಿಂದ ಮೂರಡಿ ಕೆಳಗೆ, ಒಂದು ಕಡೆ ಮಣ್ಣು ಕಪ್ಪಾಗಿ ಹೊಳೆಯತೊಡಗಿದ್ದು ಅವನ ಕಣ್ಣಿಗೆ ಬಿತ್ತು.

ನೀರು. ಒಂದು ಎಳೆ, ದಾರದಷ್ಟು.

ಜಟ್ಟೆಪ್ಪನಿಗೆ ಅರ್ಥವಾಯಿತು. ಪೈಪು ಈ ಬದಿಗೇ ಇದೆ, ಗುಂಡಿಗೂ ಅದಕ್ಕೂ ನಡುವೆ ಗೇಣು ಮಣ್ಣು ಉಳಿದಿದೆ. "ತಮ್ಮಾ, ಮ್ಯಾಲೆ ಬಾ!" ಎಂದು ಕೂಗಿದ. ಖಲಂದರ ತಲೆಯೆತ್ತಿ "ಏನ್ರಿ ಕಾಕಾ?" ಎನ್ನುವುದಕ್ಕೂ ಗೋಡೆ ಕುಸಿಯುವುದಕ್ಕೂ ಸರಿಹೋಯಿತು. ದೊಡ್ಡ ಶಬ್ದವೇನೂ ಆಗಲಿಲ್ಲ. ತುಂಬಿದ ಚೀಲ ನೆಲಕ್ಕೆ ಬಿದ್ದಂತೆ ದಪ್ಪ್ ಎಂದಿತು, ಅಷ್ಟೇ. ಮರುಕ್ಷಣ ಆಸರೆ ತಪ್ಪಿದ ಪೈಪಿನ ಜಾಯಿಂಟು ಕಳಚಿಕೊಂಡು ತೋಳಿನ ದಪ್ಪ ನೀರು ಗುಂಡಿಯೊಳಕ್ಕೆ ನುಗ್ಗಿತು.

ಖಲಂದರ ಸೊಂಟದ ಮೇಲಿನವರೆಗೆ ಹೂತುಹೋಗಿದ್ದ. ಎರಡು ಕೈ ಹೊರಗಿದ್ದವು. ಮುಖದ ತುಂಬ ಕೆಸರು. "ಕಾಲು ಸಿಕ್ಕೊಂಡೈತಿ! ಬರವಲ್ದು!" ಎಂದು ಕೂಗಿದ.

ಓಣಿಯೆಲ್ಲ ಸೇರಿತು. ಯಾರೋ ಹಗ್ಗ ತಂದರು, ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿದರು. ರಟ್ಟೆಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದುಬಿಡೋಣ ಎಂದು ನಾಲ್ಕು ಮಂದಿ ಒಟ್ಟಿಗೇ ಕೂಗಿದರು. ಶ್ರೀದೇವಿ ಗುಂಡಿಯ ಅಂಚಿನಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟಳು.

"ಎಳೀಬ್ಯಾಡ್ರಿ! ಕಾಲು ಮಣ್ಣಾಗ ಐತಿ, ಎಳದ್ರ ಸೊಂಟ ಹರೀತೈತಿ! ಟ್ರ್ಯಾಕ್ಟರ್ ಹಿಂದ ಒಯ್ರಿ, ಅಂಚಿನ ಮ್ಯಾಲೆ ಯಾರೂ ನಿಂದ್ರಬ್ಯಾಡ್ರಿ! ಟ್ರೈಲರಿನ ಹಲಗಿ ಬಿಚ್ಚಿ ತರ್ರಿ, ಇನ್ನೊಂದು ಗ್ವಾಡಿಗೆ ಆನಿಸಬೇಕು!" ಗಂಡಸರು ಹಿಂದೆ ಸರಿದರು. ಆಮೇಲೆ ಅವಳು ಜಟ್ಟೆಪ್ಪನ ಕಡೆ ತಿರುಗಿದಳು. "ಕಾಕಾ, ನೀರು! ಟಾಕಿ ವಾಲು ಬಂದ್ ಮಾಡ್ರಿ, ಲಗೂ!"

ಜಟ್ಟೆಪ್ಪ ನಿಂತಲ್ಲೇ ನಿಂತಿದ್ದ. ಟಾಕಿಯ ವಾಲು ಮುಚ್ಚುವುದಿಲ್ಲ. ನೀರು ತಡೆಯುವ ಅದರ ಒಳಗಿನ ತಗಡು ಸವೆದು ಎಂಟು ತಿಂಗಳಾಗಿತ್ತು, ಚಾವಿ ಹಾಕಿದರೆ ಸುಮ್ಮನೆ ಸುತ್ತುತ್ತಿತ್ತು. ಎರಡು ಸಲ ಅರ್ಜಿ ಬರೆಸಿಕೊಟ್ಟಿದ್ದ. ಓಣಿಗಳ ವಾಲುಗಳಿಂದ ದಿನದ ಕೆಲಸ ನಡೆಯುತ್ತಿತ್ತಾದ್ದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಹಳ್ಳದ ಈಚೆ ಇನ್ನೊಂದು ವಾಲಿತ್ತು. ಹೋದ ವರ್ಷ ಸಿಮೆಂಟ್ ರಸ್ತೆ ಹಾಕಿದವರು ಅದರ ಮೇಲೆಯೇ ಕಾಂಕ್ರೀಟು ಸುರಿದು ಹೋಗಿದ್ದರು. ಟಾಕಿಯನ್ನು ಅವನೇ ಬೆಳಿಗ್ಗೆ ಅಂಚಿನವರೆಗೆ ತುಂಬಿದ್ದ. ಅದು ಬರಿದಾಗಬೇಕಾದರೆ ತಾಸು, ಒಂದೂವರೆ ತಾಸು ಬೇಕು. ಅವನು ಗುಂಡಿಯೊಳಗೆ ನೋಡಿದ. ನೀರು ಖಲಂದರನ ಎದೆ ಮುಟ್ಟಿತ್ತು.

"ಬಂದ್ ಆಗಾಂಗಿಲ್ಲರಿ ಅದು" ಎಂದ ಜಟ್ಟೆಪ್ಪ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು.

"ಹಂಗಂದ್ರ?"

ಅವನು ಮಣ್ಣಿನ ಗುಡ್ಡೆಯ ಮೇಲಿದ್ದ ಹಾರೆ ಎತ್ತಿಕೊಂಡು ಓಡಿದ.

ಟಾಕಿಗೂ ಗುಂಡಿಗೂ ನಡುವೆ ಪೈಪು ಒಂದೇ ಒಂದು ಕಡೆ ನೆಲದ ಮೇಲೆ ಬರುತ್ತಿತ್ತು, ಹಳ್ಳ ದಾಟುವಲ್ಲಿ. ಅಲ್ಲಿ ಒಡೆದರೆ ನೀರೆಲ್ಲ ಹಳ್ಳಕ್ಕೆ ಬೀಳುತ್ತದೆ, ಏರಿನಲ್ಲಿರುವ ಗುಂಡಿಗೆ ಹೋಗುವುದಿಲ್ಲ. ಇದು ಅವನು ಯೋಚಿಸಿ ಕಂಡುಕೊಂಡದ್ದಲ್ಲ, ಕಾಲುಗಳೇ ಆ ಕಡೆ ಹೊರಟಿದ್ದವು. ಇನ್ನೂರು ಹೆಜ್ಜೆಯ ದಾರಿ. ಮುರಿದು ಕೂಡಿದ ಎಡಗಾಲು ಓಡಲು ಬರುವ ಕಾಲಲ್ಲ. ಎದುರಿಗೆ ಸಿಕ್ಕವರು "ಏನಾತೋ ಜಟ್ಟೆಪ್ಪಾ?" ಎಂದು ಕೇಳಿದ್ದು ಕೇಳಿಸಿತು. ಟಾಕಿಯ ಮೇಲೆ ಯಾರೋ ಹತ್ತಿ ನಿಂತು ಫೋನು ಹಿಡಿದು "ಹಲೋ, ಆಂಬುಲೆನ್ಸಾ? ಕರೇಕಟ್ಟಿ! ಕರೇಕಟ್ಟಿ!" ಎಂದು ಅರಚುತ್ತಿದ್ದದ್ದೂ ಕೇಳಿಸಿತು. ಅವನು ಯಾವುದಕ್ಕೂ ತಲೆಯೆತ್ತಲಿಲ್ಲ.

ಹಳ್ಳಕ್ಕೆ ಇಳಿದ ಮೇಲೆಯೇ ಅವನಿಗೆ ನೆನಪಾಯಿತು. ಪೈಪು ಬರಿಮೈಯಲ್ಲಿ ಇರಲಿಲ್ಲ. ಟ್ರ್ಯಾಕ್ಟರುಗಳು ಹಾಯ್ದು ಪದೇ ಪದೇ ಒಡೆಯುತ್ತವೆಂದು ಹೋದ ಬೇಸಿಗೆಯಲ್ಲಿ ಅದರ ಸುತ್ತ ಕಾಂಕ್ರೀಟು ಕಟ್ಟಿದವನು ಅವನೇ. ಸಿಮೆಂಟು ಸಾಲದೆಂದು ಕಾರ್ಯದರ್ಶಿಯ ಜೊತೆ ಜಗಳ ತೆಗೆದು ಇನ್ನೊಂದು ಚೀಲ ತರಿಸಿದ್ದ. ಎರಡು ವಾರ ನೀರುಣಿಸಿ ಗಟ್ಟಿ ಮಾಡಿದ್ದ.

ಹಾರೆ ಎತ್ತಿ ಹಾಕಿದ. ಕಿಡಿ ಹಾರಿತು, ಒಂದು ಚಕ್ಕೆ ಎದ್ದಿತು. ಮತ್ತೆ ಹಾಕಿದ. ಅಂಗೈಗೆ ಝುಮ್ ಎಂದಿತು. ಹತ್ತು ಏಟಿಗೆ ಹಿಡಿಯಷ್ಟು ಜಾಗ ತರಿಯಾಯಿತು. ಆ ಹೊತ್ತಿಗೆ ನೀರು ಭುಜಕ್ಕೆ ಬಂದಿರಬೇಕು ಎಂದುಕೊಂಡ. ಹದಿನೈದನೆಯ ಏಟಿಗೆ ಹಾರೆ ಜಾರಿ ಮೊಣಕಾಲಿಗೆ ಬಡಿಯಿತು. ಕುತ್ತಿಗೆಗೆ ಬಂದಿರಬೇಕು. ಮೇಲಿಂದ ಯಾರೋ "ಅಯ್ಯೋ, ಹುಚ್ಚು ಹಿಡೀತೇನೋ ನಿನಗ, ಕುಡಿಯೂ ನೀರಿನ ಪೈಪು ಒಡ್ಯಾಕತ್ತೀಯಲ್ಲೋ!" ಎಂದು ಕೂಗಿದರು. ಜಟ್ಟೆಪ್ಪ ಬಾಯಿಗೆ ಬಂದಂತೆ ಬೈದ. ಯಾರನ್ನು ಬೈದ ಎಂಬುದು ಅವನಿಗೂ ಗೊತ್ತಿರಲಿಲ್ಲ. ಬೈಯುತ್ತಲೇ ಹೊಡೆದ. ಕಾಂಕ್ರೀಟಿನಲ್ಲಿ ಉದ್ದಕ್ಕೆ ಒಂದು ಬಿರುಕು ಮೂಡಿತು. ಹಾರೆಯ ತುದಿಯನ್ನು ಅದಕ್ಕೆ ತೂರಿಸಿ ಇಡೀ ಮೈಭಾರ ಹಾಕಿ ಮೀಟಿದ. ಮೊಳದುದ್ದದ ಹೆಂಟೆ ಎದ್ದು ಬಂತು. ಒಳಗೆ ಬೂದುಬಣ್ಣದ ಪೈಪು. ಇನ್ನು ಒಂದೇ ಏಟು.

ನೀರು ಅವನ ಮುಖಕ್ಕೆ ರಾಚಿ ಅವನನ್ನು ಹಿಂದಕ್ಕೆ ಕೆಡವಿತು. ಬಿದ್ದಲ್ಲಿಂದ ಎದ್ದು ಒಡೆದ ಬಾಯಿಯನ್ನು ಇನ್ನಷ್ಟು ಅಗಲ ಮಾಡಿದ. ಹಳ್ಳದ ತುಂಬ ನೀರು ಹರಿಯಿತು. ಇದು ಸಾಕೋ ಇಲ್ಲವೋ, ಸಾಕಾದರೂ ಹೊತ್ತು ಮೀರಿತೋ ಏನೋ, ಅಲ್ಲಿ ನಿಂತು ತಿಳಿಯುವಂತಿರಲಿಲ್ಲ. ವಾಪಸು ಓಡಿದ. ಓಣಿಯ ತಿರುವಿಗೆ ಬಂದಾಗ ಗುಂಡಿಯ ಕಡೆಯಿಂದ ಯಾವ ದನಿಯೂ ಬರುತ್ತಿರಲಿಲ್ಲ. ಅಷ್ಟು ಜನ ನಿಂತಿದ್ದಾರೆ, ಒಬ್ಬರೂ ಮಾತಾಡುತ್ತಿಲ್ಲ. ಜಟ್ಟೆಪ್ಪ ಗೋಡೆ ಹಿಡಿದುಕೊಂಡು ಮುಂದೆ ಹೋದ.

ಶ್ರೀದೇವಿ ಗುಂಡಿಯೊಳಗೆ ಇಳಿದಿದ್ದಳು. ಎದೆಮಟ್ಟದ ಕೆಸರುನೀರಿನಲ್ಲಿ ನಿಂತು ಖಲಂದರನ ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ ಹಿಡಿದಿದ್ದಳು. ನೀರು ಅವನ ಕೆಳತುಟಿಯ ಹತ್ತಿರವಿತ್ತು. ಅವನು ಬಾಯಿ ಬಿಗಿದು ಮೂಗಿನಿಂದ ಉಸಿರಾಡುತ್ತಿದ್ದ. ಕಣ್ಣು ಆಕಾಶದಲ್ಲಿ ನೆಟ್ಟಿದ್ದವು. ಎಲ್ಲರೂ ನೋಡುತ್ತಿದ್ದದ್ದು ಪೈಪಿನ ಬಾಯಿಯನ್ನು. ತೋಳಿನ ದಪ್ಪದ ಧಾರೆ ಬೆರಳಷ್ಟಾಗಿತ್ತು. ಬೆರಳಷ್ಟಿದ್ದದ್ದು ಹನಿಯಾಯಿತು. ನಿಂತಿತು.

"ನಿಂತತಿ" ಎಂದಳು ಪ್ರೇಮವ್ವ, ಬಲು ಮೆಲ್ಲಗೆ. ಆಮೇಲೆ ಎಂದಿನ ದನಿಯಲ್ಲಿ ಕಿರುಚಿದಳು. "ಏನ್ ನೋಡ್ತೀರಿ ಇನ್ನ? ಬಕೀಟು ತರ್ರಿ! ನೀರು ತೋಡ್ರಿ!"

ಎಮ್ಮೆಗೆ ನೀರು ಕುಡಿಸುವ ತಗಡಿನ ಬುಟ್ಟಿ, ಹಾಲಿನ ಕ್ಯಾನು, ಬಕೀಟು, ಕೈಗೆ ಸಿಕ್ಕಿದ್ದೆಲ್ಲ ಬಂತು. ಹಲಗೆಗಳನ್ನು ಗೋಡೆಗೆ ಆನಿಸಿ ನಡುವೆ ಪ್ರೇಮವ್ವನ ಕೊಟ್ಟಿಗೆಯ ಗಳುಗಳನ್ನು ಅಡ್ಡ ಕೊಟ್ಟರು. ಶ್ರೀದೇವಿ ಒಮ್ಮೆಗೆ ಇಬ್ಬರನ್ನೇ ಒಳಗೆ ಬಿಟ್ಟಳು, ಗುದ್ದಲಿ ಮುಟ್ಟಗೊಡಲಿಲ್ಲ. ಕೈಯಿಂದ, ತಟ್ಟೆಯಿಂದ ಮಣ್ಣು ತೆಗೆದರು. ಎರೆಮಣ್ಣು ಅಂಟಿನ ಹಾಗೆ ಹಿಡಿದಿತ್ತು. ಜಟ್ಟೆಪ್ಪನೂ ಇಳಿದ. ಖಲಂದರನ ಎಡಗಾಲು ಸಲಾಕೆಯ ಕೆಳಗೆ ಸಿಕ್ಕಿಕೊಂಡಿದ್ದದ್ದು ಅವನ ಕೈಗೇ ತಾಗಿತು. ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. "ತಮ್ಮಾ, ಸ್ವಲ್ಪ ತಡಕೊ" ಎಂದ. ಖಲಂದರ ಅವನ ಹೆಗಲನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದುಕೊಂಡ.

ಮುಕ್ಕಾಲು ತಾಸಿನ ಮೇಲೆ ಅವನನ್ನು ಹಲಗೆಯ ಮೇಲೆ ಮಲಗಿಸಿ ಎತ್ತಿದರು. ಜೀವವಿತ್ತು, ಎಚ್ಚರವಿತ್ತು. ಆಂಬುಲೆನ್ಸು ಅವನನ್ನು ರಾಣೆಬೆನ್ನೂರಿಗೆ ಒಯ್ದಿತು.

ಅದು ಹೋದ ಮೇಲೆ ಊರಿನ ಸಿಟ್ಟಿಗೆ ಒಂದು ದಾರಿ ಬೇಕಾಯಿತು. ಕುತ್ತಿಗೆಯವರೆಗೂ ಕೆಸರಾಗಿ ನಿಂತಿದ್ದ ಶ್ರೀದೇವಿಯ ಸುತ್ತ ಜನ ಮುತ್ತಿದರು. ಮನಿಷಾನ್ನ ಕೊಲ್ಲಾಕ ಬಂದೀರೇನು, ಮೂರು ಸಲ ಪೈಪು ಒಡದ್ರೂ ಬುದ್ಧಿ ಬರಲಿಲ್ಲೇನು ಎಂದು ಒಬ್ಬೊಬ್ಬರು ಒಂದೊಂದು ಮಾತು. ಅವಳು ಒಂದೇ ಮಾತು ಹೇಳಿದಳು. "ತಪ್ಪು ನಂದ ಐತ್ರಿ. ಕೈಲೆ ಅಗದು ನೋಡಬೇಕಾಗಿತ್ತು, ನೋಡಲಿಲ್ಲ." ಜಟ್ಟೆಪ್ಪನ ಹೆಸರು ಎತ್ತಲಿಲ್ಲ. ಅವನ ಕಡೆ ತಿರುಗಿ ನೋಡಲೂ ಇಲ್ಲ.

ನಿಜಲಿಂಗಪ್ಪ ಅವನನ್ನು ಶಾಲೆಯ ಜಗುಲಿಯ ಕಡೆ ಕರೆದೊಯ್ದರು. "ಪೊಲೀಸರು ಬರಾಕತ್ಯಾರ. ನಿನ್ನ ಕೇಳ್ತಾರ. ಅವರು ನಮ್ಮನ್ನ ಕೇಳದ ತಗ್ಗು ತೆಗೆದ್ರು ಅಂತ ಹೇಳು. ಅಷ್ಟ. ಆ ಹುಡುಗೀನ ತನ್ನ ತಪ್ಪು ಅಂತ ಒಪ್ಪಿಕೊಂಡಾಳ, ನಿನಗೇನು ತ್ರಾಸಿಲ್ಲ."

"ಕೇಳ್ಯಾರಲ್ಲರೀ. ನಾನ ತೋರಿಸೇನಿ."

"ಯಾರು ನೋಡ್ಯಾರ? ನಾ ನೋಡಿಲ್ಲ." ಅವರು ಅವನ ಭುಜದ ಮೇಲೆ ಕೈ ಇಟ್ಟರು. "ಎಲ್ಡು ವರ್ಷಕ್ಕ ರಿಟೈರ್ ಆಗಾಂವ ನೀ. ಇಷ್ಟು ವರ್ಷ ದುಡದು, ಖಾಯಂ ಆಗಿ ಇನ್ನೂ ಮೂರು ವರ್ಷ ಆಗಿಲ್ಲ. ಬಾಯಿ ಮುಚಿಗೊಂಡಿದ್ರ ಎಲ್ಲಾರಿಗೂ ಚಲೋ."

ಅವರು ಹೇಳಿದ್ದರಲ್ಲಿ ಸುಳ್ಳೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ಕೆಲಸ ಹೋದರೆ ಈ ವಯಸ್ಸಿಗೆ ಬೇರೆ ಏನು ಮಾಡಿಯಾನು? ಮನೆಯಲ್ಲಿ ಹೆಂಡತಿಗೆ ಏನು ಹೇಳಿಯಾನು? ಜಟ್ಟೆಪ್ಪ ತನ್ನ ಹೆಗಲು ಮುಟ್ಟಿ ನೋಡಿಕೊಂಡ. ಅಂಗಿಯ ಕೆಳಗೆ ಖಲಂದರನ ಉಗುರು ಊರಿದ ಜಾಗ ಉರಿಯುತ್ತಿತ್ತು.

ಪೊಲೀಸರು ಬಂದು ಕೇಳಿದಾಗ ಅವನು ಎಲ್ಲರೆದುರು ಹೇಳಿದ. "ಪೈಪು ಶಾಲಿ ಬಾಜೂಕ ಐತಿ, ಇಲ್ಲಿ ತೆಗೀರಿ ಅಂತ ಹೇಳಿದಾಂವ ನಾನರಿ. ಈ ಮೇಡಮ್ಮಾರು ಅಗದು ನೋಡೂಣು ಅಂದ್ರು. ಬ್ಯಾಡ ಅಂದಾಂಗ ಮಾತಾಡಿದಾಂವನೂ ನಾನ. ಆ ಪೈಪು ಎಲ್ಲಿತ್ತು ಅಂತ ನನಗ ಖರೇವಂದ್ರೂ ಗೊತ್ತಿರಲಿಲ್ಲ."

ಕಟ್ಟೆಯ ಮೇಲೆ ನಕ್ಕಿದ್ದ ನಾಲ್ವರೂ ಅಲ್ಲಿದ್ದರು. ಯಾರೂ ನಗಲಿಲ್ಲ. ನಿಜಲಿಂಗಪ್ಪ ಮುಖ ತಿರುಗಿಸಿ ಹೊರಟುಹೋದರು. ಪ್ರೇಮವ್ವ ಒಂದು ತಂಬಿಗೆ ನೀರು ತಂದು ಮೊದಲು ಶ್ರೀದೇವಿಗೆ, ಆಮೇಲೆ ಜಟ್ಟೆಪ್ಪನಿಗೆ ಕೊಟ್ಟಳು. ಊರಿನಲ್ಲಿ ಆ ಹೊತ್ತಿಗೆ ಉಳಿದಿದ್ದದ್ದು ಮನೆಮನೆಯ ಹಂಡೆಯ ನೀರು ಮಾತ್ರ.

ಶುಕ್ರವಾರ ಸಾಹೇಬರು ಬರಲಿಲ್ಲ. ಪೆಂಡಾಲು ಬಿಚ್ಚಿದರು. ಜಟ್ಟೆಪ್ಪನ ಕೈಗೆ ನೋಟೀಸು ಬಂತು, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬಾರದೆಂದು. ಶ್ರೀದೇವಿಯನ್ನೂ ಕಂಪನಿ ಹದಿನೈದು ದಿನ ದೂರ ಇಟ್ಟಿತು. ಆಮೇಲೆ ಅವಳೇ ವಾಪಸು ಬಂದಳು. ಈ ಸಲ ಅವಳ ಜನ ಎಲ್ಲ ಕಡೆ ಮೊದಲು ಕೈಯಿಂದ ಅಗೆದು, ಕಣ್ಣಿಂದ ಕಂಡ ಪೈಪನ್ನಷ್ಟೇ ನಕಾಶೆಯಲ್ಲಿ ಗುರುತು ಹಾಕಿದರು. ಗುಂಡಿಯ ನಾಲ್ಕೂ ಗೋಡೆಗೆ ಹಲಗೆ ಕೊಡದೆ ಯಾರನ್ನೂ ಇಳಿಸಲಿಲ್ಲ. ಅವಳು ಜಟ್ಟೆಪ್ಪನ ಮನೆಗೂ ಬಂದು ಮೂರು ಸಂಜೆ ಕೂತು ಇಪ್ಪತ್ತೊಂಬತ್ತು ವರ್ಷದ ವಾಲು, ತಿರುವು, ಜಾಯಿಂಟುಗಳನ್ನೆಲ್ಲ ಕೇಳಿ ಬರೆದುಕೊಂಡಳು. ಟಾಕಿಗೆ ಹೊಸ ವಾಲು ಕೂರಿಸಿದರು. ತಿಂಗಳು ಕಳೆಯುವುದರೊಳಗೆ ಪಂಚಾಯ್ತಿಗೆ, ಶಾಲೆಗೆ, ರೇಷನ್ ಅಂಗಡಿಗೆ ಕೇಬಲ್ ಮುಟ್ಟಿತು. ಯಾವ ಸಮಾರಂಭವೂ ಆಗಲಿಲ್ಲ. ಒಂದು ಮಧ್ಯಾಹ್ನ ಜಟ್ಟೆಪ್ಪನ ಹೆಂಡತಿ ಅಕ್ಕಿ ಚೀಲದೊಂದಿಗೆ ಬೇಗ ಮನೆಗೆ ಬಂದು "ಇವತ್ತ ದಿಬ್ಬ ಹತ್ತೂ ಜರೂರ ಬೀಳಲಿಲ್ಲ ನೋಡ್ರಿ" ಎಂದಳು.

ಜಟ್ಟೆಪ್ಪ ಮಾತ್ರ ಒಂದು ಕೆಲಸವನ್ನು ಮುಂದೂಡುತ್ತಲೇ ಇದ್ದ. ಖಲಂದರ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ರಾಣೆಬೆನ್ನೂರಿನವರೆಗೆ ಹೋಗಿ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದಿದ್ದ. ಕಾಲಿಗೆ ಸರಳು ಹಾಕಿ ಮನೆಗೆ ಕಳಿಸಿದ್ದಾರೆ ಎಂದು ಶ್ರೀದೇವಿ ಹೇಳಿದ ಮೇಲೆ ಒಂದು ಮಂಗಳವಾರ ಮನಸ್ಸು ಗಟ್ಟಿ ಮಾಡಿ ಬ್ಯಾಡಗಿಯ ಬಸ್ಸು ಹತ್ತಿದ.

ರೈಲು ಸ್ಟೇಷನ್ನಿನ ಹಿಂದಿನ ಓಣಿ. ಬಾಗಿಲಲ್ಲಿ ಖಲಂದರನ ಹೆಂಡತಿ ಮುಮ್ತಾಜಬಿ ರಾಶಿ ಮೆಣಸಿನಕಾಯಿ ಮುಂದಿಟ್ಟುಕೊಂಡು ತೊಟ್ಟು ಬಿಡಿಸುತ್ತಿದ್ದಳು. ಯಾರೆಂದು ಹೇಳಿದ. ಅವಳು ಕೆಂಪಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. "ಒಳಗ ಅದಾರ, ಬರ್ರಿ" ಎಂದಳು.

ಖಲಂದರ ಗೋಡೆಗೆ ಒರಗಿ ಕೂತಿದ್ದ. ಕಾಲು ದಿಂಬಿನ ಮೇಲಿತ್ತು. ಜಟ್ಟೆಪ್ಪನನ್ನು ಕಂಡು ಮುಖ ಅರಳಿತು. "ಬರ್ರಿ ಕಾಕಾ, ಕುಂದ್ರಿ. ನೀವು ಪೈಪು ಒಡೀಲಿಲ್ಲಂದ್ರ ನಾ ಇರ್ತಿರಲಿಲ್ಲ ಅಂತ ಮೇಡಮ್ಮಾರು ಹೇಳಿದ್ರು."

ಆ ಮಾತು ಜಟ್ಟೆಪ್ಪನಿಗೆ ಏಟಿನಂತೆ ತಾಗಿತು. ಶ್ರೀದೇವಿ ಅಷ್ಟನ್ನೇ ಹೇಳಿ ಉಳಿದದ್ದನ್ನು ತನಗೇ ಬಿಟ್ಟಿದ್ದಾಳೆ ಎಂದು ಗೊತ್ತಾಯಿತು. ಅವನು ಕೂರಲಿಲ್ಲ. ನಿಂತೇ ಹೇಳಿದ. ಪೈಪಿನ ವಿಷಯ, ಅಧ್ಯಕ್ಷರ ಮಾತು, ಮಂದಿ ನಕ್ಕದ್ದು, ತಾನು ಹೇಳಿದ್ದು, ಒಂದನ್ನೂ ಬಿಡಲಿಲ್ಲ.

ಖಲಂದರನ ಮುಖದ ನಗೆ ಇಳಿಯಿತು. ತನ್ನ ಕಾಲನ್ನು ನೋಡಿಕೊಂಡ. ಹೊರಗೆ ತೊಟ್ಟು ಮುರಿಯುವ ಸದ್ದು ನಿಂತಿತ್ತು.

"ಗೊತ್ತಿಲ್ಲ ಅಂದಿದ್ರ ಸಾಕಿತ್ತಲ್ಲರೀ, ಕಾಕಾ."

"ಹೌದಪಾ."

"ಅಷ್ಟ ಮಾತು. ಒಂದ ಮಾತು."

ಖಲಂದರ ಗೋಡೆಯ ಕಡೆ ಮುಖ ಮಾಡಿದ. "ಇವತ್ತ ಹೋಗ್ರಿ" ಎಂದ.

ಜಟ್ಟೆಪ್ಪ ಹೊರಬಂದು ಚಪ್ಪಲಿ ಮೆಟ್ಟಿದ. ಮುಮ್ತಾಜಬಿ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ಮೆಣಸಿನಕಾಯಿಯ ಘಾಟಿಗೋ ಅವನ ಮಾತಿಗೋ ತಿಳಿಯಲಿಲ್ಲ. "ಅವರು ಹೋಗ್ರಿ ಅಂದಾರ, ಬರಬ್ಯಾಡ್ರಿ ಅಂದಿಲ್ಲ" ಎಂದಳು. "ಮುಂದಿನ ಮಂಗಳವಾರ ಡಾಕ್ಟರ್ ಹತ್ರ ಹೋಗೂದೈತಿ. ಮೆಟ್ಟಲ ಇಳಸಾಕ ನನಗೊಬ್ಬಾಕಿಗೆ ಆಗೂದಿಲ್ಲ."

ಮುಂದಿನ ಮಂಗಳವಾರ ಬೆಳಗಿನ ಮೊದಲ ಬಸ್ಸಿಗೇ ಜಟ್ಟೆಪ್ಪ ಹೋದ. ಖಲಂದರ ಅವನನ್ನು ಒಮ್ಮೆ ನೋಡಿ ಕಾಲನ್ನು ದಿಂಬಿನಿಂದ ಇಳಿಸಿದ. ಆಮೇಲೆ ಕೈ ಚಾಚಿದ. ಜಟ್ಟೆಪ್ಪ ಅವನ ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿದ. ನಾಲ್ಕು ಮೆಟ್ಟಿಲು ಇಳಿಯಲು ಇಬ್ಬರಿಗೂ ಬಹಳ ಹೊತ್ತು ಹಿಡಿಯಿತು. ರಸ್ತೆಯಲ್ಲಿ ಆಟೋ ಕಾಯುತ್ತಿತ್ತು.